ಚಂದಾದಾರರಿಗೆ ವಾರವಾರ ಇಮೇಲ್ ಬರೆಯಲು ವಿಷಯ ಹುಡುಕುವ ಬಗೆ: ಕಿರ್ದಿಯಿಂದ ಖತಾವಣಿಯವರೆಗೆ

ಕಲಬುರಗಿಯಲ್ಲಿ ತೊಗರಿ ಬೇಳೆ, ಜೋಳದ ಹಿಟ್ಟು, ಖಡಕ್ ರೊಟ್ಟಿ ಮತ್ತು ಶೇಂಗಾ ಹಿಂಡಿ ಮಾರುವ ಸಣ್ಣ ವ್ಯಾಪಾರ ನನ್ನದು. ಊರು ಬಿಟ್ಟು ಬೆಂಗಳೂರು, ಪುಣೆ, ಹೈದರಾಬಾದ್ ಸೇರಿರುವ ಗಿರಾಕಿಗಳಿಗೆ ಪ್ರತಿ ಗುರುವಾರ ಒಂದು ಇಮೇಲ್ ಕಳುಹಿಸುತ್ತೇನೆ. ಮೊದಲ ಎರಡು ತಿಂಗಳು ಹೇಳಬೇಕೆಂದುಕೊಂಡಿದ್ದ ಮಾತುಗಳೆಲ್ಲ ತಾವಾಗಿಯೇ ಬಂದವು. ಮೂರನೆಯ ತಿಂಗಳು ಬುಧವಾರ ರಾತ್ರಿ ಊಟವಾದ ಮೇಲೆ ಖಾಲಿ ಪರದೆಯ ಮುಂದೆ ಕುಳಿತು, ಏನೂ ಹೊಳೆಯದೆ, ಶೇಕಡ 10ರ ರಿಯಾಯಿತಿ ಸಾರಿ ಮಲಗಿದೆ. ಹೀಗೆ ಸತತ ಮೂರು ವಾರ ನಡೆಯಿತು. ನಾಲ್ಕನೆಯ ವಾರ ಹಳೆಯ ಗಿರಾಕಿಯೊಬ್ಬರು ಫೋನ್ ಮಾಡಿ, "ಸಾವಕಾರ್ರ, ಮೊದಲ ನಿಮ್ಮ ಪತ್ರ ಓದತಿದ್ದೆ, ಈಗ ಬರೇ ರೇಟ್ ನೋಡಿ ಮುಚ್ಚತೀನ್ರಿ" ಎಂದರು.

ವಿಷಯದ ಕೊರತೆ ನನಗಿರಲಿಲ್ಲ ಎಂಬುದು ಆ ಫೋನ್ ಕರೆಯ ನಂತರ ತಿಳಿಯಿತು. ದಿನವಿಡೀ ಅಂಗಡಿಯಲ್ಲಿ ನಡೆಯುತ್ತಿದ್ದ ಮಾತುಕತೆಯೆಲ್ಲ ಬುಧವಾರ ರಾತ್ರಿಯ ಹೊತ್ತಿಗೆ ಮರೆತುಹೋಗಿರುತ್ತಿತ್ತು, ಅಷ್ಟೇ. ಬರೆಯುವ ದಿನ ವಿಷಯ ಹುಡುಕಬಾರದು. ಬರೆಯದ ಆರು ದಿನ ಅದನ್ನು ಕೂಡಿಡಬೇಕು. ಆ ಕೂಡಿಡುವ ಕ್ರಮವನ್ನೇ ಇಲ್ಲಿ ಹಂತಹಂತವಾಗಿ ವಿವರಿಸಿದ್ದೇನೆ. ಬೀದರಿನಲ್ಲಿ ಬಿದ್ರಿ ಪಾತ್ರೆ ಮಾರುವವರಿಗೂ, ಯಾದಗಿರಿಯಲ್ಲಿ ಅಕ್ಕಿ ಮಾರುವವರಿಗೂ, ಮನೆಯಲ್ಲೇ ಪಾಠ ಹೇಳುವವರಿಗೂ ಇದು ಅಲ್ಪಸ್ವಲ್ಪ ಬದಲಾವಣೆಯೊಂದಿಗೆ ಹೊಂದುತ್ತದೆ.

ಮೊದಲ ಹಂತ: ಓದುವವರು ಯಾರು ಎಂಬುದನ್ನು ಗೊತ್ತುಮಾಡಿಕೊಳ್ಳಿ

ಕಲಬುರಗಿಯಲ್ಲೇ ಇರುವ ಗಿರಾಕಿಗೆ ಇಮೇಲ್ ಬೇಕಿಲ್ಲ. ಅವರು ಅಂಗಡಿಗೆ ಬರುತ್ತಾರೆ, ಇಲ್ಲವೇ ವಾಟ್ಸ್‌ಆ್ಯಪ್‌ನಲ್ಲಿ ಕೇಳುತ್ತಾರೆ. ದೂರದಲ್ಲಿದ್ದು, ನಮ್ಮ ಸಾಮಾನು ತರಿಸಿಕೊಂಡು, ಅದನ್ನು ಊರಿನ ರುಚಿಯಂತೆ ಬಳಸಲು ತಿಣುಕುವವರಿಗೇ ಈ ಪತ್ರ ಎಂದು ನಾನು ನಿಶ್ಚಯಿಸಿಕೊಂಡೆ. ವಾಟ್ಸ್‌ಆ್ಯಪ್ ಸಂದೇಶ ಸಂಜೆಯೊಳಗೆ ನೂರು ಶುಭೋದಯಗಳ ಕೆಳಗೆ ಹೂತುಹೋಗುತ್ತದೆ. ಇಮೇಲ್ ಹಾಗಲ್ಲ, ಎರಡು ವರ್ಷದ ನಂತರ "ಬೇಳೆ" ಎಂದು ಹುಡುಕಿದರೂ ಸಿಗುತ್ತದೆ. ಆದ್ದರಿಂದ ಇಮೇಲ್‌ನಲ್ಲಿ ಬರೆಯುವ ಮಾತು ಇಟ್ಟುಕೊಳ್ಳುವಂಥದ್ದಾಗಿರಬೇಕು.

ಪಟ್ಟಿಯಲ್ಲಿರುವ ಎಲ್ಲರನ್ನೂ ಮನಸ್ಸಿನಲ್ಲಿಟ್ಟುಕೊಂಡರೆ ಒಂದು ಸಾಲೂ ಬರೆಯಲಾಗುವುದಿಲ್ಲ. ನಾನು ಪುಣೆಯಲ್ಲಿರುವ ಒಬ್ಬ ಗೃಹಿಣಿಯನ್ನು ಎದುರಿಗೆ ಕೂರಿಸಿಕೊಂಡಂತೆ ಭಾವಿಸಿ ಬರೆಯುತ್ತೇನೆ: ಅತ್ತೆಯಿಂದ ರೊಟ್ಟಿ ಕಲಿತವರು, ಆದರೆ ಈಗ ಕೇಳಲು ಅತ್ತೆ ಪಕ್ಕದಲ್ಲಿಲ್ಲ.

ಎರಡನೆಯ ಹಂತ: ಕಿರ್ದಿ ಇಡಿ

ವ್ಯಾಪಾರ ಮಾಡುವವರಿಗೆ ಕಿರ್ದಿ ಮತ್ತು ಖತಾವಣಿಯ ವ್ಯತ್ಯಾಸ ಹೇಳಬೇಕಾಗಿಲ್ಲ. ನಡೆದದ್ದನ್ನು ನಡೆದ ಕೂಡಲೇ, ನಡೆದ ಕ್ರಮದಲ್ಲೇ ಬರೆಯುವುದು ಕಿರ್ದಿ. ಆಮೇಲೆ ಬಿಡುವಾಗಿ ಕುಳಿತು ಅದನ್ನು ಆಯಾ ಖಾತೆಗೆ ಏರಿಸುವುದು ಖತಾವಣಿ. ಈ ಎರಡು ಕೆಲಸವನ್ನು ಒಟ್ಟಿಗೆ ಮಾಡಲು ಹೋದವರ ಲೆಕ್ಕ ತಪ್ಪುತ್ತದೆ. ವಿಷಯ ಸಂಗ್ರಹದಲ್ಲಿಯೂ ಹಾಗೆಯೇ: ಕಿವಿಗೆ ಬಿದ್ದ ಮಾತು ಪತ್ರಕ್ಕೆ ಯೋಗ್ಯವೋ ಅಲ್ಲವೋ ಎಂದು ಅಲ್ಲೇ ತೂಗಲು ಕುಳಿತರೆ ಹತ್ತರಲ್ಲಿ ಒಂಬತ್ತನ್ನು ಬರೆಯದೆಯೇ ಬಿಡುತ್ತೇವೆ.

ನನ್ನ ಕಿರ್ದಿ ಗಲ್ಲೆಯ ಪಕ್ಕದಲ್ಲಿರುವ ಇನ್ನೂರು ಪುಟದ ನೋಟ್‌ಬುಕ್. ಫೋನ್‌ನಲ್ಲಿ ಬರೆದುಕೊಳ್ಳುವವರು ಹಾಗೆಯೇ ಮಾಡಲಿ; ಆದರೆ ಫೋನ್ ತೆರೆದರೆ ಬೇರೆ ಹತ್ತು ಕೆಲಸ ಕಾಣಿಸುವುದರಿಂದ ನನಗೆ ಕಾಗದವೇ ಸರಿ. ನಿಯಮ ಇಷ್ಟೇ: ದಿನಕ್ಕೆ ಕನಿಷ್ಠ ಮೂರು ನಮೂದು, ಒಂದೊಂದು ಎರಡು ಸಾಲಿಗಿಂತ ಹೆಚ್ಚಿರಬಾರದು, ಆಡಿದವರ ಮಾತು ಅವರು ಆಡಿದಂತೆಯೇ ಇರಬೇಕು. ಕೊನೆಯದು ಬಹಳ ಮುಖ್ಯ. "ಗ್ರಾಹಕರು ರೊಟ್ಟಿಯ ಗುಣಮಟ್ಟದ ಬಗ್ಗೆ ವಿಚಾರಿಸಿದರು" ಎಂದು ಬರೆದಿಟ್ಟರೆ ಭಾನುವಾರ ಓದುವಾಗ ಏನೂ ನೆನಪಾಗುವುದಿಲ್ಲ. ಒಂದು ವಾರದ ನನ್ನ ನಮೂದುಗಳಲ್ಲಿ ಎರಡನ್ನು ಇಲ್ಲಿ ಕೊಡುತ್ತೇನೆ:

"ಸೋಮವಾರ. ಪುಣೆಯಿಂದ ಫೋನ್. 'ರೊಟ್ಟಿ ತಟ್ಟಿದ್ರ ಅಂಚು ಬಿರೀತಾವ್ರಿ, ಹಿಟ್ಟಿಗೆ ಜಿಗೀನೇ ಇಲ್ಲ.' ಬೀಸಿದ್ದು ಎರಡು ತಿಂಗಳ ಹಿಂದೆ."

"ಬುಧವಾರ. ಗಂಜ್‌ನಲ್ಲಿ ಖರೀದಿದಾರರು ಚೀಲದಿಂದ ತೊಗರಿ ಕಾಳು ತೆಗೆದು ಹಲ್ಲಿನಿಂದ ಕಡಿದು ನೋಡಿದರು. ಯಾಕೆ ಕಡಿಯುತ್ತಾರೆ ಅಂತ ಹೊಸ ಹುಡುಗ ಕೇಳಿದ."

ಗಂಜ್ ಎಂದರೆ ನಮ್ಮೂರಿನ ಧಾನ್ಯದ ಸಗಟು ಪೇಟೆ; ಎರಡನೆಯದು ನನಗೆ ಅಲ್ಲಿ ನಿತ್ಯದ ದೃಶ್ಯ. ಹಸಿ ಕಾಳು ಹಲ್ಲಿನ ಕೆಳಗೆ ಮೆತ್ತಗಾಗುತ್ತದೆ, ಒಣಗಿದ್ದು ಕಟಕ್ಕೆಂದು ಮುರಿಯುತ್ತದೆ ಎಂಬುದು ಗಂಜ್‌ನಲ್ಲಿ ಎಲ್ಲರಿಗೂ ಗೊತ್ತು. ಆದರೆ ಅಂಗಡಿಗೆ ಹೊಸದಾಗಿ ಸೇರಿದ ಹುಡುಗನಿಗೆ ಗೊತ್ತಿರಲಿಲ್ಲ, ಬೆಂಗಳೂರಿನ ಗಿರಾಕಿಗೂ ಗೊತ್ತಿರಲಿಕ್ಕಿಲ್ಲ. ಹೊಸಬರು ಕೇಳುವ ಪ್ರಶ್ನೆಗಳನ್ನು ಒಂದೂ ಬಿಡದೆ ಬರೆದುಕೊಳ್ಳಿ. ನಮಗೆ ರೂಢಿಯಾಗಿ ಕಾಣದೆಹೋದದ್ದು ಅವರಿಗೆ ಕಾಣುತ್ತದೆ.

ಮೂರನೆಯ ಹಂತ: ಒಂದು ಪ್ರಶ್ನೆಯನ್ನು ಪೂರ್ತಿ ಬಿಡಿಸಿ ನೋಡಿ

ಗಿರಾಕಿಯ ಪ್ರಶ್ನೆಯಷ್ಟು ಒಳ್ಳೆಯ ವಿಷಯ ಬೇರೊಂದಿಲ್ಲ. ಒಬ್ಬರು ಬಾಯಿಬಿಟ್ಟು ಕೇಳಿದ್ದಾರೆಂದರೆ ಕೇಳಲು ಸಂಕೋಚಪಟ್ಟವರು ಇನ್ನೂ ಹಲವರು ಇದ್ದಾರೆ ಎಂದೇ ಅರ್ಥ. ಆದರೆ ಬಹಳಷ್ಟು ಮಂದಿ ಒಂದು ಪ್ರಶ್ನೆಗೆ ಒಂದು ಉತ್ತರ ಬರೆದು ಮುಗಿಸಿಬಿಡುತ್ತಾರೆ. ಬಿಡಿಸುತ್ತಾ ಹೋದರೆ ಒಂದರೊಳಗೆ ನಾಲ್ಕು ಪತ್ರ ಇರುತ್ತವೆ. ನನಗೆ ಬಂದ ಒಂದು ದೂರನ್ನೇ ನೋಡೋಣ: "ಏನ್ರಿ, ಈ ಸಲ ಬ್ಯಾಳಿ ಲಗೂನ ಬೇಯವಲ್ದು, ಹಳೇದು ಕಳಿಸೀರೇನು?"

ಮೊದಲು ನನಗೂ ಸಿಟ್ಟು ಬಂದಿತು, ಏಕೆಂದರೆ ಬೇಳೆ ಹೊಸದಾಗಿತ್ತು. ಆಮೇಲೆ ವಿಚಾರಿಸಿದಾಗ ಅವರು ಹೊಸ ಬಡಾವಣೆಗೆ ಮನೆ ಬದಲಿಸಿದ್ದು, ಅಲ್ಲಿ ಅಡುಗೆಗೂ ಬೋರ್‌ವೆಲ್ ನೀರನ್ನೇ ಬಳಸುತ್ತಿದ್ದುದು ತಿಳಿಯಿತು. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ ಮತ್ತು ಮ್ಯಾಗ್ನೀಷಿಯಂ ಲವಣಗಳು ಬೇಳೆಯ ಜೀವಕೋಶಗಳನ್ನು ಹಿಡಿದಿಡುವ ಪೆಕ್ಟಿನ್ ಜೊತೆ ಸೇರಿ ಅದನ್ನು ಬಿಗಿಗೊಳಿಸುತ್ತವೆ. ಹಾಗಾಗಿ ಎಷ್ಟು ಕುದಿಸಿದರೂ ಬೇಳೆ ಒಡೆಯುವುದು ತಡವಾಗುತ್ತದೆ. ಇದು ಮೊದಲ ಪತ್ರವಾಯಿತು. ಬೇಳೆ ಬೇಯುವ ಮುನ್ನವೇ ಹುಣಸೆಹುಳಿ ಅಥವಾ ಟೊಮೆಟೊ ಹಾಕಿದರೂ ಹೀಗೆಯೇ ಆಗುತ್ತದೆ, ಹುಳಿಯ ಅಂಶ ಬೇಳೆ ಮೆತ್ತಗಾಗುವುದನ್ನು ತಡೆಯುತ್ತದೆ ಎಂಬುದು ಎರಡನೆಯ ಪತ್ರ. ಒಂದು ಚಿಟಿಕೆ ಅಡುಗೆ ಸೋಡಾ ಹಾಕಿದರೆ ಬೇಗ ಬೇಯುವುದು ನಿಜ, ಆದರೆ ಬಿ1 ಜೀವಸತ್ವ ಅದರಿಂದ ನಾಶವಾಗುತ್ತದೆ. ಅದಕ್ಕಿಂತ ಅರ್ಧ ಗಂಟೆ ನೆನೆಹಾಕುವುದು ಲೇಸು ಎಂಬುದು ಮೂರನೆಯದು. ಬೇಳೆ ನಿಜಕ್ಕೂ ಹಳೆಯದಾಗಿದ್ದರೆ, ಅದರಲ್ಲೂ ಸೆಕೆ ಮತ್ತು ತೇವ ಎರಡೂ ಇರುವ ಜಾಗದಲ್ಲಿ ಇಟ್ಟಿದ್ದರೆ, ಅದು ಬೇಯುವುದು ತಡವಾಗುತ್ತದೆ ಎಂದು ನಾಲ್ಕನೆಯದರಲ್ಲಿ ಒಪ್ಪಿಕೊಂಡೆ. ಮನೆಯಲ್ಲಿ ಬೇಳೆ ಎಲ್ಲಿಡಬೇಕು ಎಂಬುದನ್ನೂ ಅದರಲ್ಲೇ ಬರೆದೆ. ಒಂದು ದೂರು ಒಂದು ತಿಂಗಳನ್ನು ನಡೆಸಿತು, ದೂರಿದವರ ಸಂಶಯವೂ ಕಳೆಯಿತು.

ಬಿಡಿಸುವಾಗ ನಾನು ಕೇಳಿಕೊಳ್ಳುವುದು ಇವಿಷ್ಟು: ಇದು ಏಕೆ ಹೀಗಾಗುತ್ತದೆ? ಇದನ್ನು ಇನ್ನಷ್ಟು ಕೆಡಿಸುವ ರೂಢಿ ಯಾವುದು? ಜನ ಮಾಡುವ ಸುಲಭ ಪರಿಹಾರದಲ್ಲಿ ಏನು ತೊಡಕಿದೆ? ತಪ್ಪು ನನ್ನದೇ ಆಗಿರುವ ಸಂದರ್ಭ ಯಾವುದು? ಕೊನೆಯ ಪ್ರಶ್ನೆಯನ್ನು ಬಿಟ್ಟುಬಿಡಲು ಮನಸ್ಸು ಬಯಸುತ್ತದೆ. ಬಿಡಬೇಡಿ. ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿದ್ದವರನ್ನು ಕೇಳಿ, ಅಡುಗೆಮನೆಯಲ್ಲಿ ಮಾಡಿ ನೋಡಿ, ಆಮೇಲೆ ಬರೆಯಿರಿ. ಗಡಸು ನೀರಿನ ಪತ್ರಕ್ಕೆ ಮುನ್ನ ನಮ್ಮ ಮನೆಯಲ್ಲಿ ಒಂದೇ ಬೇಳೆಯನ್ನು ಎರಡು ನೀರಿನಲ್ಲಿ ಬೇಯಿಸಿ ನೋಡಿದ್ದೆವು.

ನಾಲ್ಕನೆಯ ಹಂತ: ಕೆಲಸವನ್ನು ತುಂಡುತುಂಡಾಗಿ ತೋರಿಸಿ

ನಮ್ಮ ಕಸುಬಿನ ಪ್ರತಿಯೊಂದು ಹೆಜ್ಜೆಯೂ ದೂರದವರಿಗೆ ಸುದ್ದಿಯೇ. ದಾಲ್ ಮಿಲ್‌ನಲ್ಲಿ ತೊಗರಿಗೆ ಎಣ್ಣೆ ಸವರಿ, ನೀರು ತೋರಿಸಿ, ಒಣಗಿಸಿ, ಸಿಪ್ಪೆ ಬಿಡಿಸಿ, ಸೀಳಿ ಬೇಳೆ ಮಾಡುತ್ತಾರೆ ಎಂದು ಒಂದೇ ಉಸಿರಿನಲ್ಲಿ ಹೇಳಿದರೆ ಅದು ಪಾಠಪುಸ್ತಕದ ಮಾತಾಗುತ್ತದೆ. ಎಣ್ಣೆ ಏಕೆ ಸವರುತ್ತಾರೆ ಎಂಬುದೊಂದನ್ನೇ ಹಿಡಿದರೆ, ಸಿಪ್ಪೆ ಕಾಳಿಗೆ ಅಂಟಿನಿಂದ ಕಚ್ಚಿಕೊಂಡಿರುವುದು, ಎಣ್ಣೆ ಮತ್ತು ಬಿಸಿಲು ಸೇರಿ ಆ ಹಿಡಿತ ಸಡಿಲಿಸುವುದು ಇವೆಲ್ಲ ಬರುತ್ತವೆ. ಮಿಲ್‌ನಿಂದ ಹೊರಬರುವ ಹೊಟ್ಟು ಮತ್ತು ನುಚ್ಚು ದನಗಳಿಗೆ ಹೋಗುವುದು, ಹೊಲದಲ್ಲಿ ಉಳಿದ ತೊಗರಿ ಕಟ್ಟಿಗೆ ಒಲೆಗೆ ಹೋಗುವುದು ಮತ್ತೊಂದು ಪತ್ರಕ್ಕೆ ಸಾಕು.

ರೊಟ್ಟಿಯದೂ ಹೀಗೆಯೇ. ಗೋಧಿಯಲ್ಲಿರುವ ಗ್ಲುಟನ್ ಜೋಳದಲ್ಲಿಲ್ಲ, ಆದ್ದರಿಂದ ಹಿಟ್ಟನ್ನು ಹಿಡಿದಿಡುವ ಕೆಲಸವನ್ನು ಕುದಿಯುವ ಎಸರು ಮಾಡುತ್ತದೆ. ಬಿಸಿನೀರಿಗೆ ಹಿಟ್ಟಿನ ಪಿಷ್ಟ ಅಂಟಾಗುತ್ತದೆ. ಮೇಲೆ ಹೇಳಿದ ಪುಣೆಯ ಫೋನ್ ಕರೆಗೆ ಉತ್ತರವೂ ಇಲ್ಲಿಯೇ ಇತ್ತು: ಹಿಟ್ಟು ಹಳೆಯದಾಗಿತ್ತು, ನೀರೂ ಬೆಚ್ಚಗಷ್ಟೇ ಇತ್ತು.

ಬೀದರಿನ ಬಿದ್ರಿ ವ್ಯಾಪಾರಿಯೊಬ್ಬರಿಗೆ ನಾನು ಈ ಕ್ರಮ ಹೇಳಿದಾಗ, "ನಮ್ಮದರಾಗ ಬರಿಯೂದು ಏನದ, ಪಾತ್ರಿ ಪಾತ್ರೀನೇ" ಎಂದರು. ಆದರೆ ಅವರ ಕೆಲಸದಲ್ಲಿ ನನ್ನದಕ್ಕಿಂತ ಹೆಚ್ಚು ವಿಷಯವಿದೆ. ಸತುವಿನ ಪ್ರಮಾಣ ಬಹಳ ಹೆಚ್ಚಾಗಿದ್ದು ತಾಮ್ರ ಸ್ವಲ್ಪವೇ ಇರುವ ಮಿಶ್ರಲೋಹವನ್ನು ಅಚ್ಚಿಗೆ ಹೊಯ್ದು, ಅರದಿಂದ ಉಜ್ಜಿ ನಯಗೊಳಿಸಿದ ಮೇಲೆ, ಮೈಲುತುತ್ತದ ದ್ರಾವಣ ಸವರಿ ಅದನ್ನು ತಾತ್ಕಾಲಿಕವಾಗಿ ಕಪ್ಪು ಮಾಡುತ್ತಾರೆ. ಕೆತ್ತುವ ಗೆರೆ ಕಣ್ಣಿಗೆ ಕಾಣಲಿ ಎಂಬುದಷ್ಟೇ ಅದರ ಉದ್ದೇಶ. ಕೆತ್ತಿದ ಗೆರೆಯಲ್ಲಿ ಬೆಳ್ಳಿ ತಂತಿ ಕೂರಿಸಿ ಬಡಿದು, ಮತ್ತೆ ಉಜ್ಜಿದಾಗ ಆ ಕಪ್ಪು ಹೋಗುತ್ತದೆ. ಕೊನೆಯಲ್ಲಿ ಬೀದರ್ ಕೋಟೆಯ ಹಳೆಯ ಮಣ್ಣನ್ನು ನವಸಾಗರದೊಂದಿಗೆ ನೀರಿನಲ್ಲಿ ಕಲಸಿ ಕಾಯಿಸಿ ಹಚ್ಚಿದಾಗ ಲೋಹ ಮಾತ್ರ ಅಚ್ಚ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೆ ಉಳಿಯುತ್ತದೆ. "ಒಂದೇ ಪಾತ್ರೆ ಎರಡು ಸಲ ಕಪ್ಪಾಗುವುದೇಕೆ?" ಎಂಬ ಪ್ರಶ್ನೆಯೊಂದೇ ಒಂದು ಪತ್ರ. ಕೋಟೆಯ ಮಣ್ಣನ್ನು ಕುಶಲಕರ್ಮಿಗಳು ನಾಲಿಗೆಯ ಮೇಲಿಟ್ಟು ರುಚಿ ನೋಡಿ ಆರಿಸುವುದು ಇನ್ನೊಂದು. ಮನೆಗೆ ಒಯ್ದ ಹೂದಾನಿಯನ್ನು ಹುಣಸೆಹಣ್ಣಿನಿಂದ ತಿಕ್ಕದೆ ಮೆತ್ತನೆಯ ಬಟ್ಟೆಗೆ ಹನಿ ಕೊಬ್ಬರಿ ಎಣ್ಣೆ ಹಾಕಿ ಒರೆಸಬೇಕು ಎಂಬುದು ಮತ್ತೊಂದು, ಇದೇ ಎಲ್ಲಕ್ಕಿಂತ ಉಪಯುಕ್ತ.

ಐದನೆಯ ಹಂತ: ಹಂಗಾಮಿನ ಪಟ್ಟಿ

ಇದನ್ನು ವರ್ಷಕ್ಕೊಮ್ಮೆ ಒಂದು ಮಧ್ಯಾಹ್ನ ಕುಳಿತು ಮಾಡಿದರೆ ಮುಗಿಯಿತು. ದೊಡ್ಡ ಹಾಳೆಯಲ್ಲಿ ಹನ್ನೆರಡು ತಿಂಗಳ ಮನೆ ಹಾಕಿ, ಮೊದಲು ಬೆಳೆಯನ್ನು ಬರೆಯಿರಿ, ಆಮೇಲೆ ಹಬ್ಬ. ತೊಗರಿ ಮುಂಗಾರಿಗೆ ಬಿತ್ತನೆ. ಒಂದೂವರೆ ತಿಂಗಳಿನ ಗಿಡಕ್ಕೆ ಕುಡಿ ಚಿವುಟುವುದು. ಹೂ ಬಿಟ್ಟಾಗ ಮೋಡ ಕವಿದರೆ ರೈತರ ಆತಂಕ. ಕಾಯಿಕೊರಕ ಹತ್ತಿದರೆ ಗಿಡ ಅಲುಗಾಡಿಸಿ ಹುಳುಗಳನ್ನು ಕೆಳಗೆ ಬೀಳಿಸುವ ನಮ್ಮ ಭಾಗದ ಹಳೆಯ ಉಪಾಯ. ಡಿಸೆಂಬರ್, ಜನವರಿಯಲ್ಲಿ ಕಟಾವು. ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಚರಗ (ಭೂಮಿತಾಯಿಗೆ ನೈವೇದ್ಯ) ಚೆಲ್ಲುವುದು, ಕಾಳು ಸೊಪ್ಪಿನ ಭಜ್ಜಿ, ಸಜ್ಜೆಯ ಕಡಬು. ಸಂಕ್ರಾಂತಿಗೆ ಯಾದಗಿರಿಯ ಮೈಲಾಪುರದ ಜಾತ್ರೆ, ಹೋಳಿಯ ನಂತರ ಶರಣಬಸವೇಶ್ವರರ ಜಾತ್ರೆ. ಕಲಬುರಗಿಯ ಸೂಫಿ ಸಂತ ಬಂದೇ ನವಾಜರ ಉರುಸು ಇಸ್ಲಾಮಿ ಚಾಂದ್ರಮಾನದ ತಿಂಗಳಿನಂತೆ ಬರುವುದರಿಂದ ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ, ಅದನ್ನು ಹಳೆಯ ಪಟ್ಟಿಯಿಂದ ನಕಲು ಮಾಡಬೇಡಿ. ಯಾದಗಿರಿಯ ಭತ್ತದ ವ್ಯಾಪಾರಿಗೆ ನಾರಾಯಣಪುರ ಎಡದಂಡೆ ಕಾಲುವೆಗೆ ನೀರು ಬಿಡುವ ದಿನಕ್ಕಿಂತ ದೊಡ್ಡ ಹಬ್ಬವಿಲ್ಲ.

ಒಂದು ಎಚ್ಚರಿಕೆ. ಹಬ್ಬದ ದಿನ ಎಲ್ಲರೂ ಶುಭಾಶಯ ಕಳುಹಿಸುತ್ತಾರೆ, ನಿಮ್ಮದನ್ನು ಯಾರೂ ತೆರೆಯುವುದಿಲ್ಲ. ಹಬ್ಬಕ್ಕೆ ಹತ್ತು ದಿನ ಮೊದಲೇ, ಚರಗದ ಅಡುಗೆಗೆ ಏನೇನು ಹೊಂದಿಸಿಕೊಳ್ಳಬೇಕು ಎಂದು ಬರೆದರೆ ತೆರೆಯುತ್ತಾರೆ. ಇತಿಹಾಸದ ಮಾತಿಗೂ ಇದೇ ನಿಯಮ. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ, ಊರಿನ ಹೆಸರಿಗೆ ಕಾನೂನಿನ ರಕ್ಷಣೆ ಕೊಡುವ ಭೌಗೋಳಿಕ ಸೂಚಿಕೆಯ (ಜಿಐ) ಮಾನ್ಯತೆ ದೊರೆಯಿತು ಎಂಬುದು ಹೆಮ್ಮೆಯ ಸಂಗತಿ. ಆದರೆ ಅದೊಂದನ್ನೇ ಬರೆದರೆ ಸುದ್ದಿಪತ್ರಿಕೆಯ ತುಣುಕಾಗುತ್ತದೆ. ಇದರಿಂದ ಗಿರಾಕಿ ಚೀಲದ ಮೇಲೆ ಏನನ್ನು ನೋಡಿ ಕೊಳ್ಳಬೇಕು ಎಂದು ಹೇಳಿದರೆ ಪತ್ರವಾಗುತ್ತದೆ.

ಆರನೆಯ ಹಂತ: ಎಡವಿದ್ದನ್ನೂ ಕಿರ್ದಿಗೆ ಸೇರಿಸಿ

ಒಂದು ಮಳೆಗಾಲದಲ್ಲಿ ಸಾಗಣೆಯವರು ರೊಟ್ಟಿಯ ಡಬ್ಬಿಗಳನ್ನು ಎಲ್ಲಿ ಇಟ್ಟಿದ್ದರೋ, ತಲುಪುವ ಹೊತ್ತಿಗೆ ಅರ್ಧ ಮೆತ್ತಗಾಗಿದ್ದವು. ಹಣ ಮರಳಿಸಿದೆ. ಮರುವಾರ ನಡೆದದ್ದನ್ನು ಯಾರನ್ನೂ ದೂರದೆ ಬರೆದು, ಮೆತ್ತಗಾದ ಖಡಕ್ ರೊಟ್ಟಿಯನ್ನು ಸಣ್ಣ ಉರಿಯ ಹಂಚಿನ ಮೇಲೆ ಮತ್ತೆ ಗರಿಗರಿ ಮಾಡುವ ಬಗೆ ತಿಳಿಸಿದೆ. ಅದಕ್ಕೆ ಬಂದಷ್ಟು ಉತ್ತರ ಯಾವ ರಿಯಾಯಿತಿಗೂ ಬಂದಿಲ್ಲ. ಆದರೆ ಇಂಥ ಪತ್ರ ವರ್ಷಕ್ಕೆ ಒಂದೆರಡು ಸಾಕು. ಮೇಲಿಂದ ಮೇಲೆ ತಪ್ಪೊಪ್ಪಿಗೆ ಬರೆದರೆ ಗಿರಾಕಿ ಬೇರೆ ಅಂಗಡಿ ನೋಡಿಕೊಳ್ಳುತ್ತಾನೆ.

ಏಳನೆಯ ಹಂತ: ಭಾನುವಾರದ ಖತಾವಣಿ

ವಾರದ ಇಪ್ಪತ್ತು ನಮೂದುಗಳನ್ನು ಭಾನುವಾರ ಅರ್ಧ ಗಂಟೆ ಓದುತ್ತೇನೆ. ಒಂದೊಂದನ್ನೂ ಖಾತೆಗೆ ಏರಿಸುತ್ತೇನೆ: ಅಡುಗೆ, ಹೊಲ, ಮಿಲ್, ದೂರು, ಹಬ್ಬ. ಪುಣೆಯ ಗೃಹಿಣಿ ಇದನ್ನು ಓದಿ ನಾಳೆ ಏನಾದರೂ ಬೇರೆ ರೀತಿ ಮಾಡಬಲ್ಲರೇ, ಇಲ್ಲವೇ ಪಕ್ಕದ ಮನೆಯವರಿಗೆ ಹೇಳಬೇಕೆನ್ನಿಸುತ್ತದೆಯೇ ಎಂಬುದೊಂದೇ ನನ್ನ ತಕ್ಕಡಿ. ಎರಡೂ ಇಲ್ಲದ್ದನ್ನು ಹೊಡೆದುಹಾಕುತ್ತೇನೆ. ಇಪ್ಪತ್ತರಲ್ಲಿ ಮೂರು ನಾಲ್ಕು ಉಳಿದರೆ ಆ ವಾರ ಸುಗ್ಗಿ. ಒಂದೇ ಖಾತೆ ಸತತವಾಗಿ ತುಂಬುತ್ತಿದ್ದರೆ ಮುಂದಿನ ವಾರ ಬೇರೆ ಕಡೆ ಕಿವಿಗೊಡಬೇಕು ಎಂದೂ ಇದರಿಂದ ತಿಳಿಯುತ್ತದೆ. ನನ್ನ ಹೊಲದ ಖಾತೆ ಬಹುಕಾಲ ಖಾಲಿಯಿತ್ತು, ಆಮೇಲೆ ತಿಂಗಳಿಗೊಮ್ಮೆ ಆಳಂದದ ಕಡೆಯ ರೈತರ ಹೊಲಕ್ಕೆ ಹೋಗಿಬರುವ ರೂಢಿ ಹಾಕಿಕೊಂಡೆ.

ಎಂಟನೆಯ ಹಂತ: ಬರೆಯುವುದು ಮತ್ತು ಕಳುಹಿಸುವುದು

ಒಂದು ಪತ್ರಕ್ಕೆ ಒಂದೇ ಮಾತು. ಕಿರ್ದಿಯಲ್ಲಿರುವ ನಮೂದನ್ನೇ ಮೊದಲ ಸಾಲಾಗಿಡಿ, ಪೀಠಿಕೆ ಬೇಡ. "ರೊಟ್ಟಿ ತಟ್ಟಿದ್ರ ಅಂಚು ಬಿರೀತಾವ್ರಿ ಎಂದು ಸೋಮವಾರ ಪುಣೆಯಿಂದ ಫೋನ್ ಬಂತು" ಎಂದು ಆರಂಭಿಸಿದರೆ, ಅಂಚು ಬಿರಿಯುವ ರೊಟ್ಟಿ ಮಾಡುವವರೆಲ್ಲ ಮುಂದೆ ಓದುತ್ತಾರೆ. ಆಮೇಲೆ ಕಾರಣ, ಆಮೇಲೆ ಮಾಡಬೇಕಾದ ಕೆಲಸ, ಕೊನೆಗೆ ಒಂದೇ ಸಾಲಿನಲ್ಲಿ ಮಾರಾಟದ ಮಾತು. ಮುನ್ನೂರು ಪದ ಸಾಕು. ಗಿರಾಕಿಯ ಹೆಸರು ಹಾಕಬೇಡಿ. ಮಾತು ಅವರದೇ ಎಂದು ಬಳಗದವರಿಗೆ ಗುರುತು ಸಿಗುವಂತಿದ್ದರೆ ಮೊದಲು ಅವರ ಒಪ್ಪಿಗೆ ಪಡೆಯಿರಿ.

ವಿಷಯದ ಸಾಲು (ಸಬ್ಜೆಕ್ಟ್) ಮೊಬೈಲ್‌ನಲ್ಲಿ ಅರ್ಧಕ್ಕೇ ಕತ್ತರಿಸಿಹೋಗುತ್ತದೆ, ಆದ್ದರಿಂದ ಮುಖ್ಯ ಪದ ಮೊದಲೇ ಬರಲಿ: "ಬೇಳೆ ಬೇಯುತ್ತಿಲ್ಲವೇ? ನೀರು ನೋಡಿ" ಎಂಬುದು "ನಮ್ಮ ಈ ವಾರದ ವಿಶೇಷ ಪತ್ರ" ಎಂಬುದಕ್ಕಿಂತ ಮೇಲು. ಕನ್ನಡವನ್ನು ಯೂನಿಕೋಡ್‌ನಲ್ಲಿಯೇ ಟೈಪ್ ಮಾಡಿ. ಹಳೆಯ 'ನುಡಿ' ತಂತ್ರಾಂಶದ ಅಕ್ಷರಶೈಲಿಯಲ್ಲಿ ಟೈಪಿಸಿದ್ದನ್ನು ಹಾಗೆಯೇ ಅಂಟಿಸಿದರೆ ಓದುವವರಿಗೆ ಕಾಗೆಕಾಲು ಗುಬ್ಬಿಕಾಲು ಕಾಣುತ್ತದೆ. ಸುಮಾರು 102 ಕಿಲೋಬೈಟ್ ಮೀರಿದ ಪತ್ರವನ್ನು ಜಿಮೇಲ್ ನಡುವೆಯೇ ಮಡಚಿಬಿಡುತ್ತದೆ. ಇಂಗ್ಲಿಷ್ ಅಕ್ಷರ ಒಂದು ಬೈಟ್ ತೆಗೆದುಕೊಂಡರೆ ಕನ್ನಡದ ಅಕ್ಷರಸಂಕೇತ ಒಂದೊಂದೂ ಮೂರು ಬೈಟ್ ತೆಗೆದುಕೊಳ್ಳುವುದರಿಂದ ಅಲಂಕಾರದ ವಿನ್ಯಾಸ ನಮಗೆ ಬೇಗ ಭಾರವಾಗುತ್ತದೆ. ನಾನು ಒಂದು ಚಿತ್ರಕ್ಕಿಂತ ಹೆಚ್ಚು ಹಾಕುವುದಿಲ್ಲ.

ಬಿಲ್ಲಿನಲ್ಲಿ ಸಿಕ್ಕ ವಿಳಾಸಗಳನ್ನೆಲ್ಲ ಪಟ್ಟಿಗೆ ತುಂಬಬೇಡಿ. ಕೇಳಿ, ಒಪ್ಪಿದವರನ್ನು ಮಾತ್ರ ಸೇರಿಸಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಒಪ್ಪಿಗೆಯನ್ನೇ ಮುಂದಿಡುತ್ತದೆ. ಬೇಡವೆಂದವರು ಒಂದೇ ಒತ್ತಿನಲ್ಲಿ ಹೊರಹೋಗುವಂತಿರಬೇಕು. ದಿನಕ್ಕೆ 5,000ಕ್ಕಿಂತ ಹೆಚ್ಚು ಇಮೇಲ್ ಕಳುಹಿಸುವವರಿಗೆ ಜಿಮೇಲ್ 2024ರಿಂದ ಇದನ್ನು ಕಡ್ಡಾಯ ಮಾಡಿದೆ. ನಮ್ಮಂಥ ಸಣ್ಣವರಿಗೆ ಕಡ್ಡಾಯವಲ್ಲದಿದ್ದರೂ, ಹೊರಹೋಗುವ ದಾರಿ ಕಾಣದವರು ಸ್ಪ್ಯಾಮ್ ಗುಂಡಿ ಒತ್ತುತ್ತಾರೆ, ಅದರಿಂದ ಓದುವವರಿಗೂ ಪತ್ರ ತಲುಪದಂತಾಗುತ್ತದೆ.

ಬರಗಾಲದ ವಾರಕ್ಕೆ

ಮನೆಯಲ್ಲಿ ಮದುವೆ, ಜ್ವರ, ಕಟಾವಿನ ಗಡಿಬಿಡಿ, ಏನಾದರೂ ಬಂದೇ ಬರುತ್ತದೆ. ಅದಕ್ಕಾಗಿ ಯಾವ ತಿಂಗಳಿಗೂ ಸಲ್ಲುವ ಮೂರು ಪತ್ರಗಳನ್ನು ಬರೆದು ಇಟ್ಟಿರಿ, ಒಂದನ್ನು ಖರ್ಚು ಮಾಡಿದ ಕೂಡಲೇ ಮತ್ತೊಂದನ್ನು ತುಂಬಿರಿ. ಅವೂ ಮುಗಿದ ವಾರ ನಾನು ಓದುಗರಿಗೇ ಒಂದು ಪ್ರಶ್ನೆ ಕೇಳುತ್ತೇನೆ. ಪ್ರಶ್ನೆ ಸಣ್ಣದಾಗಿರಬೇಕು, ಎಲ್ಲರ ಮನೆಯಲ್ಲೂ ಉತ್ತರವಿರುವಂಥದ್ದಾಗಿರಬೇಕು. "ನಮ್ಮ ಸೇವೆಯ ಬಗ್ಗೆ ತಮ್ಮ ಅಭಿಪ್ರಾಯವೇನು" ಎಂದರೆ ಯಾರೂ ಬರೆಯುವುದಿಲ್ಲ. ಕಳೆದ ಸಲ, "ಬೇಳೆ ಡಬ್ಬಿಗೆ ಹುಳ ಬೀಳದಂತೆ ನಿಮ್ಮ ಮನೆಯಲ್ಲಿ ಏನು ಹಾಕುತ್ತಾರೆ?" ಎಂದು ಎರಡು ಸಾಲು ಕಳುಹಿಸಿದ್ದೆ. ಬೇವಿನ ಎಲೆ, ಒಣಮೆಣಸಿನಕಾಯಿ, ಲವಂಗ, ಔಡಲೆಣ್ಣೆ ಎಂದು ಉತ್ತರಗಳು ಬಂದು ಕಿರ್ದಿಯ ಎರಡು ಪುಟ ತುಂಬಿದವು. ಔಡಲೆಣ್ಣೆ ಸವರಿದ ಬೇಳೆಯನ್ನು ಎಷ್ಟು ಸಲ ತೊಳೆಯಬೇಕು ಎಂಬುದರ ಮೇಲೆ ಇಬ್ಬರು ಓದುಗರ ನಡುವೆ ಜಗಳವೇ ನಡೆದಿದೆ. ಅದನ್ನು ಮನೆಯಲ್ಲಿ ಮಾಡಿ ನೋಡಿ ಬರುವ ಗುರುವಾರ ಬರೆಯುತ್ತೇನೆ.